ಲಂಡನ್‌ನ ಇಂಪ್ರೊವೈಸ್ಡ್ ಸಂಗೀತ: ರಾಗ ಇಲ್ಲ, ತಾಳ ಇಲ್ಲ, ಆದ್ರೂ 60 ವರ್ಷ ಹೇಗೆ ನಡೀತು?

ಬಸವನಗುಡಿ ಬಾಯ್:

ಎಲ್ಲರಿಗೂ ನಮಸ್ಕಾರ. ಈಚೆಗೆ ಕೆಲಸದ ಮೇಲೆ ಲಂಡನ್‌ಗೆ ಬಂದಿದ್ದೇನೆ. ಚಿಕ್ಕಂದಿನಿಂದ ಕೇಳಿದ್ದು ಕರ್ನಾಟಕ ಸಂಗೀತ. ಸ್ವಲ್ಪ ಮೃದಂಗವೂ ಕಲಿತಿದ್ದೇನೆ.

ಆಫೀಸಿನ ಸ್ನೇಹಿತೆಯೊಬ್ಬಳು ಇಂಪ್ರೊವೈಸ್ಡ್ ಸಂಗೀತ, ಅಂದರೆ ಮೊದಲೇ ಗೊತ್ತು ಮಾಡಿಕೊಳ್ಳದೆ ಆ ಕ್ಷಣದಲ್ಲೇ ಕಟ್ಟಿ ನುಡಿಸುವ ಸಂಗೀತ, ಕೇಳೋಕೆ ಅಂತ ಲಂಡನ್ನಿನ ಡಾಲ್‌ಸ್ಟನ್ ಬಡಾವಣೆಯ ಕೆಫೆ ಓಟೋಗೆ ಕರೆದುಕೊಂಡು ಹೋದಳು. ಹೊರಗಿಂದ ನೋಡಿದರೆ ಮಾಮೂಲಿ ಕಾಫಿ ಅಂಗಡಿ. ಒಳಗೆ ಕುರ್ಚಿಗಳು, ಒಂದು ಪಿಯಾನೋ. ಎತ್ತರದ ವೇದಿಕೆ ಇಲ್ಲ. ನುಡಿಸುವವರು ನಮ್ಮ ಕಾಲಬುಡದಲ್ಲೇ. ಒಬ್ಬರು ಪಿಟೀಲಿನ ಕಮಾನು ತಗೊಂಡು ಸಿಂಬಲ್‌ನ (ಡ್ರಮ್ಮಿನ ಜೊತೆ ಇರುವ ಲೋಹದ ತಟ್ಟೆ) ಅಂಚನ್ನು ಉಜ್ಜುತ್ತಿದ್ದರು. ಇನ್ನೊಬ್ಬರು ಸ್ಯಾಕ್ಸೋಫೋನ್ ಊದದೆ ಬರೀ ಕೀಲಿಗಳನ್ನು ಟಕ ಟಕ ಒತ್ತುತ್ತಿದ್ದರು. ಮೂರನೆಯವರು ಜಾಸ್ತಿ ಹೊತ್ತು ಸುಮ್ನೆ ಕೂತಿದ್ದರು. ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದ್ದು ನೋಡಬೇಕಿತ್ತು. ನಮ್ಮಲ್ಲಿ ತನಿ (ಮೃದಂಗದವರು ಒಂಟಿಯಾಗಿ ನುಡಿಸುವ ಭಾಗ) ಮುಗಿದಾಗ ತಟ್ಟುತ್ತಾರಲ್ಲ, ಹಾಗೆ.

ನನಗೆ ಬೇಜಾರಾಗಲಿಲ್ಲ. ಆದರೆ ಕೇಳಿದ್ದು ಏನು ಅಂತ ಹೇಳೋಕೆ ಬರ್ತಾ ಇಲ್ಲ. ಇವರು ಏನನ್ನು ಹಿಡಿದುಕೊಂಡು ನುಡಿಸುತ್ತಾರೆ? ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಅಂತ ಹೇಗೆ ಹೇಳೋದು? ಇಷ್ಟು ಕಡಿಮೆ ಜನ ಕೇಳುವ ಸಂಗೀತ ಇಷ್ಟು ದುಬಾರಿ ಊರಲ್ಲಿ ಹೇಗೆ ಉಳಿದಿದೆ? ತಿಳಿದವರು ಹೇಳಿ.

ಸಿಂಪಲ್ ಸೀನ:

ಗುರೂ, ನಮ್ಮನೆ ಅಡುಗೆಮನೇಲಿ ದಿನಾ ಬೆಳಗ್ಗೆ ಇದೇ ಕಚೇರಿ. ಟಿಕೆಟ್ ಇಲ್ಲ. ಮುಗಿದ ಮೇಲೆ ಉಪ್ಪಿಟ್ಟೂ ಸಿಗುತ್ತೆ.

ಶ್ರುತಿಪೆಟ್ಟಿಗೆ:

ಸೀನ ಅವರ ಜೋಕಿಗೆ ಆಮೇಲೆ ಬರ್ತೀನಿ. ಅದು ಅಂದುಕೊಂಡಷ್ಟು ಹಗುರದ ಪ್ರಶ್ನೆ ಅಲ್ಲ.

ನಾನು ಲಂಡನ್ನಿನಲ್ಲೇ ಇದ್ದೇನೆ, ಈ ಕಚೇರಿಗಳಿಗೆ ಹೋಗುವ ಚಟ ಹಳೆಯದು. ಮೂರನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಉಳಿದೆರಡರ ಉತ್ತರವೂ ಅದರೊಳಗೇ ಇದೆ. ಈ ಸಂಗೀತದ ಕಥೆ ಅಂದರೆ ಕೋಣೆಗಳ ಕಥೆ. ಅಗ್ಗದ ಒಂದು ಜಾಗ, ಪ್ರತಿ ವಾರ ಅದೇ ಜನ, ಯಾರೂ ಕೇಳದಿದ್ದರೂ ನುಡಿಸುವ ಹಟ. ಇಷ್ಟೇ.

ಮೊದಲ ಕೋಣೆ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ. 1965ರಲ್ಲಿ ಕೀತ್ ರೋ, ಲೂ ಗೇರ್, ಎಡ್ಡಿ ಪ್ರೆವೊ ಅಲ್ಲಿ ವಾರವಾರ ಸೇರಿ ನುಡಿಸತೊಡಗಿದರು. ಜಾಝ್ ನುಡಿಸಿ ಬಂದವರು. ಗುಂಪಿನ ಹೆಸರು ಎಎಂಎಂ. ಆ ಅಕ್ಷರಗಳ ಅರ್ಥ ಏನು ಅಂತ ಹೊರಗಿನವರಿಗೆ ಹೇಳಲೇ ಇಲ್ಲ. ಮರುವರ್ಷ ಕಾರ್ನೀಲಿಯಸ್ ಕಾರ್ಡ್ಯೂ ಸೇರಿಕೊಂಡರು. ಅವರು ಜರ್ಮನಿಯಲ್ಲಿ ಸ್ಟಾಕ್‌ಹೌಸನ್ ಅನ್ನೋ ಹೆಸರಾಂತ ಸಂಯೋಜಕರ ಹತ್ತಿರ ಸಹಾಯಕರಾಗಿದ್ದ ಸಂಯೋಜಕ.

ರೋ ಚಿತ್ರಕಲೆ ಓದಿದವರು. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಬಣ್ಣ ಸುರಿದದ್ದು ಅವರ ತಲೆಯಲ್ಲಿತ್ತು. ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿಬಿಟ್ಟರು. ಎಡಗೈಯಲ್ಲಿ ಒತ್ತಿ ಬಲಗೈಯಲ್ಲಿ ಮೀಟುವ ಅಭ್ಯಾಸವೇ ಅಲ್ಲಿಗೆ ಮುಗಿಯಿತು. ತಂತಿಯ ಮೇಲೆ ಚಾಕು, ಸ್ಪ್ರಿಂಗು, ಬ್ಯಾಟರಿಯಲ್ಲಿ ತಿರುಗುವ ಪುಟ್ಟ ಫ್ಯಾನು. ಪಕ್ಕದಲ್ಲಿ ಒಂದು ರೇಡಿಯೋ. ಆ ಹೊತ್ತಿಗೆ ರೇಡಿಯೋದಲ್ಲಿ ಏನು ಬಂತೋ ಅದೂ ಸಂಗೀತದೊಳಗೆ ಬಂತು. ಪಕ್ಕದಲ್ಲಿ ಪ್ರೆವೊ ಗಾಂಗ್‌ನ ಅಂಚಿಗೆ, ಸಿಂಬಲ್ ಅಂಚಿಗೆ ಕಮಾನು ಹಾಕುತ್ತಿದ್ದರು. ನೀವು ಓಟೋದಲ್ಲಿ ನೋಡಿದ್ದು ಅದರ ವಂಶವೇ.

ಎರಡನೆಯದು ಲಿಟಲ್ ಥಿಯೇಟರ್ ಕ್ಲಬ್. ಸೇಂಟ್ ಮಾರ್ಟಿನ್ಸ್ ಲೇನ್ ಪಕ್ಕದ ಗ್ಯಾರಿಕ್ ಯಾರ್ಡ್ ಗಲ್ಲಿಯಲ್ಲಿ, ಸುಮಾರು ಮೆಟ್ಟಿಲು ಹತ್ತಿ ಹೋಗಬೇಕಿದ್ದ ಸಣ್ಣ ನಾಟಕಶಾಲೆ. ನಾಟಕ ಮುಗಿದ ಮೇಲೆ ರಾತ್ರಿ ಜಾಗ ಖಾಲಿ. ಡ್ರಮ್ಮರ್ ಜಾನ್ ಸ್ಟೀವನ್ಸ್ 1966ರ ಜನವರಿಯಲ್ಲಿ ಅಲ್ಲಿ ಶುರು ಮಾಡಿದರು. ಜೊತೆಗೆ ಟ್ರೆವರ್ ವಾಟ್ಸ್, ಪಾಲ್ ರುದರ್‌ಫರ್ಡ್. ಈ ಮೂವರೂ ವಾಯುಪಡೆಯ ಬ್ಯಾಂಡಿನಲ್ಲಿ ಪರಿಚಯ ಆದವರು. ಶಿಸ್ತಿನ ಮಾರ್ಚಿಂಗ್ ಟ್ಯೂನ್ ಊದಿಕೊಂಡಿದ್ದವರು! ಆಮೇಲೆ ಗಿಟಾರಿನ ಡೆರೆಕ್ ಬೇಲಿ, ಸ್ಯಾಕ್ಸೋಫೋನಿನ ಇವಾನ್ ಪಾರ್ಕರ್, ಬ್ಯಾರಿ ಗೈ, ಕೆನ್ನಿ ವೀಲರ್ ಎಲ್ಲ ಬಂದರು. ಡೇವ್ ಹಾಲೆಂಡ್ ಕೂಡ ಅಲ್ಲಿ ನುಡಿಸುತ್ತಿದ್ದವರೇ. 1968ರಲ್ಲಿ ಅಮೆರಿಕದ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಈ ಹಾಲೆಂಡ್‌ರನ್ನು ತಮ್ಮ ತಂಡಕ್ಕೆ ಕರೆದುಕೊಂಡು ಹೋದರು. ಎಷ್ಟೋ ರಾತ್ರಿ ಕೇಳುವವರಿಗಿಂತ ನುಡಿಸುವವರೇ ಜಾಸ್ತಿ ಇರುತ್ತಿದ್ದರು.

ಇನ್ನು ಏನನ್ನು ಹಿಡಿದು ನುಡಿಸುತ್ತಾರೆ ಅನ್ನೋದು. ಸ್ಟೀವನ್ಸ್ ತಂಡದ ನಿಯಮ ಎರಡೇ ಇತ್ತು ಅಂತ ಪಾರ್ಕರ್ ಹೇಳ್ತಾರೆ. ಪಕ್ಕದವನು ನುಡಿಸೋದು ನಿನಗೆ ಕೇಳಿಸದಿದ್ದರೆ ನೀನು ಜೋರಾಗಿ ನುಡಿಸ್ತಾ ಇದ್ದೀಯ. ನೀನು ನುಡಿಸೋದಕ್ಕೂ ಕೇಳಿಸಿಕೊಳ್ಳೋದಕ್ಕೂ ಸಂಬಂಧ ಇಲ್ಲದಿದ್ದರೆ ಗುಂಪಿನಲ್ಲಿ ಯಾಕಿದ್ದೀಯ? ನನ್ನ ಮಟ್ಟಿಗೆ ಎರಡನೇ ಪ್ರಶ್ನೆಗೂ ಇದೇ ಅಳತೆಗೋಲು. ಕಣ್ಣು ಮುಚ್ಚಿ ಕೇಳಿ. ಮೂವರು ಮೂರು ಕಡೆ ಹೋಗ್ತಿದ್ದರೆ ಕೆಟ್ಟ ಕಚೇರಿ. ಮೂರನೆಯವರು ಸುಮ್ನೆ ಕೂತಿದ್ದು ಸೋಮಾರಿತನವೋ ಅಥವಾ ಕಾಯುವುದೋ ಅನ್ನೋದು ನಿಮಗೆ ಒಂದಷ್ಟು ಸಲ ಹೋದರೆ ತಾನಾಗೇ ಗೊತ್ತಾಗುತ್ತೆ.

ಗಿಟಾರ್ ಗಿರಿಜೆ:

ಕೀತ್ ರೋ ಹೆಸರು ನೋಡಿ ಓಡಿ ಬಂದೆ! ರಾಕ್ ತಂಡ ಪಿಂಕ್ ಫ್ಲಾಯ್ಡ್ ಪ್ರಿಯರು ಇದ್ದರೆ ಇದನ್ನ ಗಮನಿಸಿ. 1966ರಲ್ಲಿ ಎಎಂಎಂ ಮತ್ತು ಪಿಂಕ್ ಫ್ಲಾಯ್ಡ್ ಒಂದೇ ಕಾರ್ಯಕ್ರಮಗಳಲ್ಲಿ ನುಡಿಸಿದ್ದವು, ಮಾರ್ಕೀ ಕ್ಲಬ್ಬಿನಲ್ಲಿ. ಫ್ಲಾಯ್ಡ್‌ನ ಗಿಟಾರಿಸ್ಟ್ ಸಿಡ್ ಬ್ಯಾರೆಟ್, ರೋ ಅವರ ಕೈಯನ್ನೇ ನೋಡಿಕೊಂಡು ಕೂತಿರುತ್ತಿದ್ದನಂತೆ. ಆಮೇಲೆ ಸಿಗರೇಟ್ ಲೈಟರನ್ನು ತಂತಿ ಮೇಲೆ ಜಾರಿಸಿ ನುಡಿಸತೊಡಗಿದ. ನಾವು ಕಾಲೇಜಿನಲ್ಲಿ ತಲೆ ಕುಣಿಸಿದ ಸೌಂಡಿನ ಬೇರು ಎಂಟು ಹತ್ತು ಜನ ಕೂತು ಕೇಳಿದ ಆ ಕೋಣೆಯಲ್ಲಿದೆ.

ಎಎಂಎಂನ ಮೊದಲ ರೆಕಾರ್ಡು 1967ರಲ್ಲಿ ಎಲೆಕ್ಟ್ರಾದಿಂದ ಬಂತು. ಆ ಕಾಲದಲ್ಲಿ ದೊಡ್ಡ ಕಂಪನಿಗಳಿಗೂ ಸ್ವಲ್ಪ ಹುಚ್ಚಿತ್ತು.

ಮೃದಂಗ ಮೇಷ್ಟ್ರು:

ನಾನು ಹಳೇ ಕಾಲದವನು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಮನೋಧರ್ಮ ಸಂಗೀತ ಇದೆ. ಆಲಾಪನೆ, ನೆರವಲ್, ಕಲ್ಪನಾ ಸ್ವರ, ತನಿ ಎಲ್ಲವೂ ಆ ಕ್ಷಣದ್ದೇ. ಗಾಯಕರು ಪಲ್ಲವಿಯನ್ನು ವೇದಿಕೆ ಮೇಲೇ ಮೊದಲ ಸಲ ತೋರಿಸಿದ ಕಚೇರಿಗಳಲ್ಲಿ ನಾನು ನುಡಿಸಿದ್ದೇನೆ. ಬೆವರು ಇಳಿಯುತ್ತೆ. ಆದರೆ ತಾಳ ಕೈಯಲ್ಲಿರುತ್ತೆ, ಶ್ರುತಿ ಕಿವಿಯಲ್ಲಿರುತ್ತೆ. ಮುಕ್ತಾಯ ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಬಂದು ಬಿದ್ದರೆ ಸಭೆಯಲ್ಲಿ ಮಗುವಿಗೂ ಗೊತ್ತಾಗುತ್ತೆ. ಅದೇನೂ ಇಲ್ಲ ಅಂದರೆ ತಪ್ಪು ಯಾವುದು? ತಪ್ಪೇ ಆಗದ ಕಡೆ ಸರಿ ಹೇಗೆ ಆಗುತ್ತೆ?

ಕರಾವಳಿ ಮಾಣಿ:

ಮೇಷ್ಟ್ರೇ, ನಾನು ಕುಂದಾಪುರ ಕಡೆಯವ. ನಮ್ಮ ತಾಳಮದ್ದಳೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿ ಅಲ್ಲೇ ಮಾತು ಕಟ್ತಾರೆ. ಬರೆದಿಟ್ಟುಕೊಂಡ ಮಾತಿಲ್ಲ. ಎದುರಿನವ ಯಾವ ಪ್ರಶ್ನೆ ಎಸೀತಾನೆ ಅಂತ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ರಾವಣನ ಪರ ನಿಂತರೆ ಎದುರಿಗೆ ಕೂತವರಿಗೆ ನಡುಕ. ಅಲ್ಲಿ ತಪ್ಪು ಅಂದರೆ ಎದುರಿನವನ ಮಾತನ್ನ ಕೇಳಿಸಿಕೊಳ್ಳದೆ ತಾನು ಬಾಯಿಪಾಠ ಮಾಡಿದ್ದನ್ನ ಒಪ್ಪಿಸೋದು. ಎಷ್ಟೇ ಒಳ್ಳೆ ಕಂಠ ಇರಲಿ, ಜನ ಮುಖ ಸಿಂಡರಿಸ್ತಾರೆ. ಸ್ಟೀವನ್ಸ್‌ನ ಎರಡನೇ ನಿಯಮ ಇದೇ ಅಲ್ವಾ?

ಮೃದಂಗ ಮೇಷ್ಟ್ರು:

ಮಾಣಿ, ಚೆನ್ನಾಗಿ ಹೇಳಿದೆ. ಆದರೆ ಪ್ರಸಂಗ ಅಂತ ಒಂದಿದೆಯಲ್ಲಪ್ಪ. ಎಷ್ಟು ವಾದ ಮಾಡಿದರೂ ಕೊನೆಗೆ ವಾಲಿ ಸಾಯಲೇಬೇಕು. ಇವರಿಗೆ ವಾಲಿಯೂ ಇಲ್ಲ, ಸುಗ್ರೀವನೂ ಇಲ್ಲ.

ಶ್ರುತಿಪೆಟ್ಟಿಗೆ:

ಮೇಷ್ಟ್ರೇ, ನೀವು ಕೈ ಇಟ್ಟಿದ್ದು ಸರಿಯಾದ ಜಾಗಕ್ಕೇ. ಡೆರೆಕ್ ಬೇಲಿ ತಲೆ ಕೆಡಿಸಿಕೊಂಡಿದ್ದೂ ಇದಕ್ಕೇ.

ಬೇಲಿ 1930ರಲ್ಲಿ ಶೆಫೀಲ್ಡ್‌ನಲ್ಲಿ ಹುಟ್ಟಿದವರು. ವರ್ಷಗಟ್ಟಲೆ ಡ್ಯಾನ್ಸ್ ಹಾಲ್, ಕ್ಲಬ್, ಸ್ಟುಡಿಯೋ ಅಂತ ಹೊಟ್ಟೆಪಾಡಿಗೆ ಗಿಟಾರ್ ನುಡಿಸಿದವರು. ಯಾರು ಏನು ಹಾಡಿದರೂ ಹಿಂದೆ ನುಡಿಸಬಲ್ಲ ಕಸುಬುದಾರ. ಅಂಥವರು ಎಲ್ಲ ಬಿಟ್ಟು ಈ ಕಡೆ ಬಂದರು. 1980ರಲ್ಲಿ ಇಂಪ್ರೊವೈಸೇಶನ್ ಬಗ್ಗೆ ಒಂದು ಪುಸ್ತಕ ಬರೆದರು. ಅದು ಶುರುವಾಗುವುದೇ ಭಾರತೀಯ ಸಂಗೀತದಿಂದ. ಆಮೇಲೆ ಸ್ಪೇನಿನ ಫ್ಲಮೆಂಕೊ, ಯುರೋಪಿನ ಹಳೆಯ ಬರೋಕ್ ಸಂಗೀತ, ಚರ್ಚಿನ ಆರ್ಗನ್, ಜಾಝ್. ಒಂದು ಸಂಪ್ರದಾಯದ ಒಳಗೆ, ಅದರ ನುಡಿಗಟ್ಟಿನಲ್ಲೇ ಹೊಸದು ಕಟ್ಟುವುದು ಒಂದು ಬಗೆ. ನಮ್ಮ ಮನೋಧರ್ಮ, ತಾಳಮದ್ದಳೆ ಎರಡೂ ಅಲ್ಲಿಗೆ ಸೇರುತ್ತವೆ. ಯಾವ ಸಂಪ್ರದಾಯಕ್ಕೂ ಸೇರದೆ ಕಟ್ಟುವುದು ಇನ್ನೊಂದು ಬಗೆ. ತಾನು ಮಾಡುವುದು ಎರಡನೆಯದು ಅಂತ ಅವರ ವಾದ. ಒಂದು ಇನ್ನೊಂದಕ್ಕಿಂತ ಮೇಲು ಅಂತ ಅವರು ಹೇಳಲಿಲ್ಲ.

ನನಗೆ ಆ ವಾದ ಪೂರ್ತಿ ಒಪ್ಪಿಗೆ ಇಲ್ಲ. 60 ವರ್ಷ ಆದ ಮೇಲೆ ಇದಕ್ಕೂ ಒಂದು ಸಂಪ್ರದಾಯ ಬಂದಿದೆ. ಬೇಲಿಯ ಒಂದೇ ಒಂದು ಸ್ವರ ಕೇಳಿದರೂ ಅದು ಬೇಲಿ ಅಂತ ಹೇಳಬಹುದು. ಕಮಾನಿನಲ್ಲಿ ಸಿಂಬಲ್ ಉಜ್ಜುವುದು ಈಗ ಎಲ್ಲರ ಕೈಯಲ್ಲೂ ಇದೆ. ನಮ್ಮಲ್ಲಿ ಮೋಹನ, ಕಲ್ಯಾಣಿ ರಾಗಗಳು ಇದ್ದ ಹಾಗೆ ಅಲ್ಲಿ ಅದೊಂದು ಪಾಠ ಆಗಿಹೋಗಿದೆ. ಹೊಸಬರು ಅದನ್ನೇ ಕಲಿತು ಬಂದು ಅದನ್ನೇ ಒಪ್ಪಿಸುವ ಕಚೇರಿಗಳೂ ಬೇಕಾದಷ್ಟಿವೆ. ಆಕಳಿಕೆ ಬರುತ್ತೆ.

ಇದು ಬೇಲಿಗೂ ಗೊತ್ತಿತ್ತು ಅನ್ಸುತ್ತೆ. ಅದಕ್ಕೇ ಅವರು ಕಂಪನಿ ಅಂತ ಶುರು ಮಾಡಿದರು. ಲಂಡನ್ನಿನಲ್ಲಿ 1977ರಿಂದ 1994ರವರೆಗೆ ಕಂಪನಿ ವೀಕ್ ನಡೆಯಿತು. ಎಂದೂ ಜೊತೆಗೆ ನುಡಿಸದವರನ್ನು ಬೇಕಂತಲೇ ಕರೆಸಿ, ಇಂದು ಇಬ್ಬರು, ನಾಳೆ ನಾಲ್ವರು ಅಂತ ಬದಲಿಸಿ ಬದಲಿಸಿ ಕೂರಿಸುವುದು. ಪರಿಚಯ ಆಯಿತು ಅಂದರೆ ಅಭ್ಯಾಸ ಆಯಿತು, ಅಭ್ಯಾಸ ಆಯಿತು ಅಂದರೆ ಕೇಳಿಸಿಕೊಳ್ಳೋದು ನಿಂತಿತು ಅನ್ನೋ ಲೆಕ್ಕ. ಎಎಂಎಂನವರು ಇದಕ್ಕೆ ತದ್ವಿರುದ್ಧ, ಅದೇ ಜನ ದಶಕಗಟ್ಟಲೆ. ಎರಡೂ ಒಂದೇ ಊರಲ್ಲಿ ನಡೀತಿತ್ತು, ಅದೇ ಚೆಂದ.

ಸಿಂಪಲ್ ಸೀನ:

ಅಕ್ಕಾ, ನನ್ನ ಅಡುಗೆಮನೆ ಪ್ರಶ್ನೆಗೆ ಬರ್ತೀನಿ ಅಂದಿದ್ರಿ. ಈಗ ಜೋಕು ಬಿಟ್ಟು ಕೇಳ್ತೀನಿ. ಯಾರು ಬೇಕಾದ್ರೂ ಮಾಡಬಹುದಾ? ಮಾಡಬಹುದು ಅಂದ್ರೆ ಟಿಕೆಟ್ ಯಾಕೆ? ಮಾಡಬಾರದು ಅಂದ್ರೆ ಇದೂ ಒಂದು ಮಡಿ ಅಲ್ವಾ?

ಶ್ರುತಿಪೆಟ್ಟಿಗೆ:

ಇದನ್ನೇ ಅವರೂ ಕೇಳಿಕೊಂಡರು ಸೀನ. ಬಡಿದಾಡಿಕೊಂಡರು.

1969ರಲ್ಲಿ ಕಾರ್ಡ್ಯೂ, ಮೈಕಲ್ ಪಾರ್ಸನ್ಸ್, ಹೋವರ್ಡ್ ಸ್ಕೆಂಪ್ಟನ್ ಮೂವರೂ ಸೇರಿ ಸ್ಕ್ರ್ಯಾಚ್ ಆರ್ಕೆಸ್ಟ್ರಾ ಕಟ್ಟಿದರು. ಮಾರ್ಲಿ ಕಾಲೇಜಿನಲ್ಲಿ ಕಾರ್ಡ್ಯೂ ಪಾಠ ಮಾಡುತ್ತಿದ್ದ ಕ್ಲಾಸಿನಿಂದ ಬೆಳೆದದ್ದು. ಸಂಗೀತ ಬರಲೇಬೇಕು ಅಂತ ಇರಲಿಲ್ಲ. ಆಫೀಸಿಗೆ ಹೋಗುವವರು, ಚಿತ್ರ ಬರೆಯುವವರು, ವಿದ್ಯಾರ್ಥಿಗಳು, ಜೊತೆಗೆ ಪಳಗಿದ ಸಂಗೀತಗಾರರು. ಕಾರ್ಯಕ್ರಮ ಹೇಗಿರಬೇಕು ಅಂತ ಸದಸ್ಯರೇ ಸರದಿ ಮೇಲೆ ತೀರ್ಮಾನಿಸುತ್ತಿದ್ದರು. ಹಳ್ಳಿಗಳ ಪುರಭವನಗಳಲ್ಲೂ ನುಡಿಸಿದರು. ನಿಮ್ಮ ಮನೆಯವರನ್ನೂ ಪಾತ್ರೆ ಸಮೇತ ಸೇರಿಸಿಕೊಳ್ಳುತ್ತಿದ್ದರು, ನಿಜವಾಗಿ.

ಆದರೆ ಎರಡು ಮೂರು ವರ್ಷದಲ್ಲೇ ಒಳಗೆ ಜಗಳ. ನಾವು ಇದನ್ನೆಲ್ಲ ಯಾರಿಗಾಗಿ ಮಾಡ್ತಾ ಇದ್ದೇವೆ ಅಂತ. ಕಾರ್ಡ್ಯೂ ಮಾವೋವಾದದ ಕಡೆ ವಾಲಿದರು. 1974ರಲ್ಲಿ ಒಂದು ಪುಸ್ತಕ ಬರೆದು ತಮ್ಮ ಗುರು ಸ್ಟಾಕ್‌ಹೌಸನ್‌ರನ್ನು ಸಾಮ್ರಾಜ್ಯಶಾಹಿಯ ಸೇವಕ ಅಂತ ಕರೆದರು. ತಮ್ಮದೇ ಹಳೆಯ ಕೃತಿಗಳನ್ನೂ ಬಿಡಲಿಲ್ಲ. ಅದರಲ್ಲಿ 193 ಪುಟದ ಒಂದು ಕೃತಿ ಇದೆ. ಸ್ವರಲಿಪಿಯೇ ಇಲ್ಲ, ಬರೀ ಗೆರೆ, ವೃತ್ತ, ಆಕಾರಗಳು. ಹೇಗೆ ನುಡಿಸಬೇಕು ಅಂತ ನುಡಿಸುವವರೇ ಕಂಡುಕೊಳ್ಳಬೇಕು. ಅದೂ ದಂಡ ಅಂದುಬಿಟ್ಟರು. ಆಮೇಲೆ ಕಾರ್ಮಿಕರಿಗಾಗಿ ಸರಳ ಹಾಡು ಬರೆಯತೊಡಗಿದರು. 1981ರ ಡಿಸೆಂಬರಿನಲ್ಲಿ ಲೇಟನ್‌ನಲ್ಲಿ ಕಾರು ಗುದ್ದಿ ಸತ್ತರು.

ಅದೇ ದಶಕದಲ್ಲಿ ನಮ್ಮಲ್ಲಿ ನವ್ಯದವರ ಮೇಲೆ ಇದೇ ಸಿಟ್ಟು ಏರುತ್ತಿತ್ತು, 1979ರಲ್ಲಿ ಬಂಡಾಯ ಸಂಘಟನೆ ಆಯಿತು. ಯಾರಿಗಾಗಿ ಬರೀತೀಯ ಅನ್ನೋ ಪ್ರಶ್ನೆ. ಉತ್ತರ ಅಲ್ಲೂ ಸಿಗಲಿಲ್ಲ, ಇಲ್ಲೂ ಸಿಗಲಿಲ್ಲ. ನನಗಂತೂ ಹಾಡು ಬರೆದ ಕಾರ್ಡ್ಯೂಗಿಂತ ಗೆರೆ ಎಳೆದ ಕಾರ್ಡ್ಯೂ ಇಷ್ಟ.

ಗಿಟಾರ್ ಗಿರಿಜೆ:

ಇಲ್ಲಿವರೆಗೆ ಬಂದ ಹೆಸರೆಲ್ಲ ಗಂಡಸರದ್ದೇ. ಇದನ್ನು ನಾನೊಬ್ಬಳೇ ಗಮನಿಸಿದ್ದಾ?

1977ರಲ್ಲಿ ಮ್ಯಾಗಿ ನಿಕೊಲ್ಸ್, ಲಿಂಡ್ಸೆ ಕೂಪರ್ ಮುಂತಾದವರು ಫೆಮಿನಿಸ್ಟ್ ಇಂಪ್ರೊವೈಸಿಂಗ್ ಗ್ರೂಪ್ ಕಟ್ಟಿದರು. ಹೆಂಗಸರು ಬೇಕಾದರೆ ಹಾಡಬಹುದು, ವಾದ್ಯ ಗಂಡಸರಿಗೆ ಅನ್ನುವ ಅಭ್ಯಾಸ ಈ ಬಂಡಾಯಗಾರರ ಗುಂಪುಗಳಲ್ಲೂ ಇತ್ತು. ಇವರು ವೇದಿಕೆ ಮೇಲೆ ಬಾಸೂನ್, ಟ್ರಂಪೆಟ್, ಸೆಲ್ಲೊ ಜೊತೆಗೆ ಮನೆಗೆಲಸದ ಸಾಮಾನನ್ನೂ ತಂದರು. ಸೀನ, ನಿಮ್ಮ ಅಡುಗೆಮನೆ ನಿಜವಾಗಿ ಕಚೇರಿಗೆ ಬಂದದ್ದು ಅಲ್ಲಿ! ನಗು, ಅಳು, ಬೈಗುಳ, ತಮಾಷೆ ಎಲ್ಲ. ಆಮೇಲೆ ಸ್ವಿಟ್ಜರ್ಲೆಂಡಿನ ಪಿಯಾನೋ ವಾದಕಿ ಇರೇನ್ ಶ್ವೈಟ್ಸರ್ ಸೇರಿಕೊಂಡರು. ಇವರಿಗೆ ವಾದ್ಯ ನುಡಿಸೋಕೆ ಬರಲ್ಲ ಅಂತ ಕೆಲವು ಗಂಡಸು ಇಂಪ್ರೊವೈಸರ್‌ಗಳು ಗೊಣಗಿದರು. ಮಿಕ್ಕ ಸಂಗೀತ ಲೋಕ ಆ ಗಂಡಸರ ಬಗ್ಗೆ ಹೇಳುತ್ತಿದ್ದದ್ದೂ ಅದೇ ಮಾತು. ಹೇಗಿದೆ ನೋಡಿ.

ಹಳೇ ರೆಕಾರ್ಡು:

ಇನ್ನೊಂದು ಬಿಟ್ಟುಹೋಗಿದೆ. ಬಿಳಿಯರ ಕಥೆ ಆಗಿಬಿಟ್ಟಿದೆ ಇದು.

ಇವರೆಲ್ಲ ಶುರು ಮಾಡುವ ಮೊದಲೇ, 1960ರಲ್ಲಿ, ಜಮೈಕಾದಿಂದ ಬಂದ ಜೋ ಹ್ಯಾರಿಯಟ್ ಲಂಡನ್ನಿನಲ್ಲಿ ಫ್ರೀ ಜಾಝ್ (ಮಾಮೂಲಿ ಕಟ್ಟುಪಾಡು ಬಿಟ್ಟ ಜಾಝ್) ರೆಕಾರ್ಡ್ ಮಾಡಿದ್ದರು. ಆಲ್ಟೋ ಸ್ಯಾಕ್ಸೋಫೋನ್. 1966ರ ಹೊತ್ತಿಗೆ ಕಲ್ಕತ್ತಾದ ಜಾನ್ ಮೇಯರ್ ಜೊತೆ ಇಂಡೋ ಜಾಝ್. ಐವರು ಜಾಝ್ ಕಡೆ, ಐವರು ಸಿತಾರ್ ತಬಲಾ ಕಡೆ. 1969ರಲ್ಲಿ ಅಮಾನ್ಸಿಯೊ ಡಿಸಿಲ್ವಾ ಜೊತೆ ಒಂದು ರೆಕಾರ್ಡು. ಡಿಸಿಲ್ವಾ ಮುಂಬೈಯಲ್ಲಿ ಹುಟ್ಟಿದ ಗೋವಾ ಮೂಲದ ಗಿಟಾರಿಸ್ಟ್. ಅದರ ಮೂಲ ಎಲ್ಪಿ ಸಿಕ್ಕರೆ ನನಗೆ ಹೇಳಿ, ಬೆಲೆ ಕೇಳಿ ತಲೆ ತಿರುಗದಿದ್ದರೆ ತಗೋತೀನಿ. ಹ್ಯಾರಿಯಟ್ 1973ರಲ್ಲಿ ಬಡತನದಲ್ಲೇ ಸತ್ತರು.

ಆಮೇಲೆ ಬ್ಲೂ ನೋಟ್ಸ್. ದಕ್ಷಿಣ ಆಫ್ರಿಕಾದ ತಂಡ. ಕರಿಯರು ಬಿಳಿಯರು ಒಟ್ಟಿಗೆ ನುಡಿಸಿದರೆ ಆಗ ಅಲ್ಲಿ ಅಪರಾಧ. 1964ರಲ್ಲಿ ಫ್ರಾನ್ಸಿನ ಉತ್ಸವಕ್ಕೆ ಅಂತ ಹೊರಟವರಲ್ಲಿ ಹೆಚ್ಚಿನವರು ವಾಪಸ್ ಹೋಗಲಿಲ್ಲ. ಮರುವರ್ಷ ಲಂಡನ್ನಿಗೆ ಬಂದರು. ಕ್ರಿಸ್ ಮೆಕ್‌ಗ್ರೆಗರ್, ಡುಡು ಪುಕ್ವಾನಾ, ಮೊಂಗೆಜಿ ಫೆಜಾ, ಜಾನಿ ಡ್ಯಾನಿ, ಡ್ರಮ್ಮಿಗೆ ಲೂಯಿಸ್ ಮೊಹೊಲೊ. ಲಂಡನ್ನಿನ ತಣ್ಣನೆಯ ಇಂಪ್ರೊವ್‌ಗೆ ಮೈ ಬಿಸಿ ಬಂದದ್ದು ಇವರಿಂದ. ಅವರ ಜೊತೆ ನುಡಿಸಿದ ಮೇಲೆ ಇವಾನ್ ಪಾರ್ಕರ್‌ನಂಥವರ ಉಸಿರೇ ಬದಲಾಯಿತು ಅಂತ ನನ್ನ ಅಂದಾಜು. ಮೊಹೊಲೊ 2025ರಲ್ಲಿ ಹೋದರು. ಆ ತಂಡದ ಕೊನೆಯವರು.

ಬಸವನಗುಡಿ ಬಾಯ್:

ಪಾರ್ಕರ್ ಹೆಸರು ಪದೇ ಪದೇ ಬರ್ತಿದೆ. ನಿನ್ನೆ ರಾತ್ರಿ ಯೂಟ್ಯೂಬಿನಲ್ಲಿ ಅವರ ಸೋಲೋ ಕೇಳಿದೆ. ಉಸಿರು ಎಲ್ಲಿ ತಗೋತಾರೆ?

ಹಳೇ ರೆಕಾರ್ಡು:

ಮೂಗಿನಲ್ಲಿ. ಕೆನ್ನೆಯಲ್ಲಿ ಹಿಡಿದಿಟ್ಟ ಗಾಳಿ ಹೊರಗೆ ಹೋಗ್ತಿರುವಾಗಲೇ ಮೂಗಿನಿಂದ ಒಳಗೆ ಎಳೆದುಕೊಳ್ಳೋದು. ನಮ್ಮ ಹಾವಾಡಿಗರು ಪುಂಗಿ ಊದುವುದೂ ಹೀಗೇ. ಪಾರ್ಕರ್ ಅದಕ್ಕೆ ಬೆರಳು ನಾಲಗೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ಸೇರಿಸ್ತಾರೆ. ಒಂದು ಸೊಪ್ರಾನೊ ಸ್ಯಾಕ್ಸೋಫೋನಿನಿಂದ ಮೂರು ಜನ ಊದಿದ ಹಾಗೆ ಕೇಳುತ್ತೆ. ಯೂಟ್ಯೂಬ್ ಸಾಲದು. ಎದುರಿಗೆ ಕೂತು ಕೇಳಿ, ನೆಲ ಅದುರುತ್ತೆ.

ಶ್ರುತಿಪೆಟ್ಟಿಗೆ:

ಮತ್ತೆ ಕೋಣೆಗಳ ವಿಷಯಕ್ಕೆ ಬರ್ತೀನಿ, ಅರ್ಧಕ್ಕೇ ಬಿಟ್ಟಿದ್ದೆ.

1970ರ ದಶಕದ ಲಂಡನ್ ಈಗಿನ ಲಂಡನ್ ಅಲ್ಲ. ಊರ ತುಂಬ ಖಾಲಿ ಮನೆಗಳು. ಬೀಗ ಒಡೆದು ಒಳಗೆ ಸೇರಿಕೊಂಡು ವಾಸ ಮಾಡುವುದು ಮಾಮೂಲು. ಕಲಾವಿದರು ಎಷ್ಟೋ ಜನ ಹಾಗೇ ಬದುಕಿದರು. ಜೊತೆಗೆ ನಿರುದ್ಯೋಗ ಭತ್ಯೆ. ಬಾಡಿಗೆ ಇಲ್ಲದವನಿಗೆ ಆರು ಜನರ ಎದುರು ನುಡಿಸುವುದು ನಷ್ಟದ ಬಾಬ್ತೇ ಅಲ್ಲ.

ಮತ್ತೆ, ತಮ್ಮದನ್ನು ತಾವೇ ಮಾಡಿಕೊಂಡರು. 1970ರಲ್ಲಿ ಬೇಲಿ, ಪಾರ್ಕರ್, ಟೋನಿ ಆಕ್ಸ್‌ಲಿ ಸೇರಿ ಇಂಕಸ್ ಅನ್ನೋ ರೆಕಾರ್ಡ್ ಕಂಪನಿ ಶುರು ಮಾಡಿದರು. ದಶಕದ ನಡುವೆ ಲಂಡನ್ ಮ್ಯುಸಿಶಿಯನ್ಸ್ ಕಲೆಕ್ಟಿವ್ ಬಂತು. ಸಂಗೀತಗಾರರೇ ಸದಸ್ಯರು, ಅವರೇ ಗುಡಿಸುವವರು, ಅವರೇ ಚೀಟಿ ಹಂಚುವವರು. ಕ್ಯಾಮ್ಡನ್‌ನ ಗ್ಲೌಸ್ಟರ್ ಅವೆನ್ಯೂನಲ್ಲಿ ಹಿಂದೆ ಲಾಂಡ್ರಿ ಆಗಿದ್ದ ಕಟ್ಟಡ ಸಿಕ್ಕಿತು. ಪಕ್ಕದ ಭಾಗದಲ್ಲಿ ಪ್ರಯೋಗ ಸಿನಿಮಾದವರು. ಹತ್ತು ವರ್ಷ ಅಲ್ಲಿ ನಡೆಯಿತು. ಆ ಕಲೆಕ್ಟಿವ್‌ನಿಂದಲೇ 2002ರ ಮೇ 1ಕ್ಕೆ ರೆಸೊನನ್ಸ್ ಅನ್ನೋ ರೇಡಿಯೋ ಸ್ಟೇಷನ್ ಹುಟ್ಟಿತು, 104.4 ಎಫ್ಎಂ. ಕಾರಿನಲ್ಲಿ ಹೋಗುವಾಗ ಟ್ಯೂನ್ ಮಾಡಿ. ಅರ್ಧ ಗಂಟೆ ನೀರು ತೊಟ್ಟಿಕ್ಕುವ ಸದ್ದು ಬಂದರೆ ರೇಡಿಯೋ ಕೆಟ್ಟಿದೆ ಅಂದುಕೊಳ್ಳಬೇಡಿ.

1991ರಲ್ಲಿ ಗಿಟಾರಿಸ್ಟ್ ಜಾನ್ ರಸಲ್ ಮತ್ತು ಕ್ರಿಸ್ ಬರ್ನ್ ಮೊಪೊಮೊಸೊ ಅನ್ನುವ ತಿಂಗಳ ಸರಣಿ ಶುರು ಮಾಡಿದರು. ಫಿನ್ಸ್‌ಬರಿ ಪಾರ್ಕಿನ ರೆಡ್ ರೋಸ್‌ನಲ್ಲಿ, ಆಮೇಲೆ ಡಾಲ್‌ಸ್ಟನ್‌ನ ವಾರ್ಟೆಕ್ಸ್‌ನಲ್ಲಿ. ರಸಲ್ 2021ರಲ್ಲಿ ತೀರಿಕೊಂಡರು. ಅಷ್ಟು ವರ್ಷ ಬಾಗಿಲು ತೆಗೆದು, ಮೈಕ್ ಹಿಡಿದು, ಪ್ರತಿ ತಂಡವನ್ನೂ ಪರಿಚಯ ಮಾಡಿಕೊಡುವುದು ಅಂದರೆ ಸುಮ್ನೆ ಅಲ್ಲ. ಇತಿಹಾಸ ಬರೆಯುವವರು ನುಡಿಸಿದವರ ಹೆಸರು ಬರೀತಾರೆ. ಕುರ್ಚಿ ಹಾಕಿದವರ ಹೆಸರೂ ಬರೀಬೇಕು.

ಓಟೋ ತೆರೆದದ್ದು 2008ರಲ್ಲಿ, ಹೇಮಿಶ್ ಡನ್‌ಬಾರ್ ಮತ್ತು ಕೆಯ್ಕೊ ಯಾಮಾಮೊಟೊ ಅನ್ನುವ ಇಬ್ಬರಿಂದ. ಆಗ ಡಾಲ್‌ಸ್ಟನ್ ಜಂಕ್ಷನ್ ಅನ್ನೋ ಓವರ್‌ಗ್ರೌಂಡ್ ರೈಲು ನಿಲ್ದಾಣ ಇರಲಿಲ್ಲ, 2010ರಲ್ಲಿ ಬಂತು. ನಿಲ್ದಾಣ ಬಂತು, ಫ್ಲಾಟುಗಳು ಬಂದವು, ಬಾಡಿಗೆ ಏರಿತು. ಹಗಲು ಕಾಫಿ ಊಟ ಮಾರಿ ರಾತ್ರಿ ಕಚೇರಿ ನಡೆಸುವ ಉಪಾಯ ಅವರನ್ನು ಉಳಿಸಿದೆ. ಸದಸ್ಯತ್ವ ಇದೆ, ಸ್ವಂತ ಲೇಬಲ್ ಇದೆ. ವಾಟರ್‌ಲೂ ಹತ್ತಿರ ಇಕ್ಲೆಕ್ಟಿಕ್ ಅಂತ ಇನ್ನೊಂದು ಒಳ್ಳೆ ಜಾಗ ಇತ್ತು. ಹೊಸ ಕಟ್ಟಡಗಳ ಯೋಜನೆ ಬಂತು, 2024ರ ಶುರುವಿನಲ್ಲಿ ಖಾಲಿ ಮಾಡಬೇಕಾಯಿತು. ಈ ಊರಿನಲ್ಲಿ ಸಂಗೀತ ವಿಮರ್ಶಕರಿಗಿಂತ ಬಿಲ್ಡರ್‌ಗಳಿಗೆ ಅಧಿಕಾರ ಜಾಸ್ತಿ.

ಸಿಂಪಲ್ ಸೀನ:

ಅದೊಂದು ವಿಷಯದಲ್ಲಿ ಬೆಂಗಳೂರು ಲಂಡನ್ ಅಣ್ಣ ತಮ್ಮ.

ಕರಾವಳಿ ಮಾಣಿ:

ಬೆಂಗಳೂರಲ್ಲಿ ಇಂಥದ್ದು ಯಾಕೆ ನಿಲ್ಲಲ್ಲ? ಆಗೊಮ್ಮೆ ಈಗೊಮ್ಮೆ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಯಾರೋ ಜರ್ಮನಿಯಿಂದ ಬರ್ತಾರೆ, ಹೋಗ್ತಾರೆ. ಅಷ್ಟೇ.

ಮೃದಂಗ ಮೇಷ್ಟ್ರು:

ಪೂರ್ತಿ ಇಲ್ಲ ಅನ್ನಬೇಡಪ್ಪ. ಟಿ.ಎ.ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಅವರ ಪತ್ನಿ ಆರ್.ಎ. ರಮಾಮಣಿ ಹಾಡುತ್ತಿದ್ದರು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಬಂದು ಇವರ ಜೊತೆ ಕೂತು ಕಲಿತರು, ನುಡಿಸಿದರು. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಇವರದೊಂದು ರೆಕಾರ್ಡು ಬಂತು. ಬೆಂಗಳೂರಿನ ಮೃದಂಗ, ಘಟ, ಖಂಜಿರ ಯುರೋಪಿನ ಜಾಝ್ ಉತ್ಸವಗಳಿಗೆಲ್ಲ ಹೋಗಿದ್ದು ಹಾಗೆ. ಹೊರಗಿನವರಿಗೆ ಗೊತ್ತಿರುವಷ್ಟು ನಮ್ಮ ಊರಿನವರಿಗೇ ಇದು ಗೊತ್ತಿಲ್ಲ ಅನ್ನೋದು ನನ್ನ ದೂರು.

ಆದರೆ ಅದು ಶ್ರುತಿಪೆಟ್ಟಿಗೆ ಅವರು ಹೇಳಿದ ಎರಡನೇ ಬಗೆ ಅಲ್ಲ, ಒಪ್ತೀನಿ. ಅಲ್ಲಿ ತಾಳ ಇತ್ತು.

ಹಳೇ ರೆಕಾರ್ಡು:

ನನ್ನ ಅನಿಸಿಕೆ ಹೇಳ್ತೀನಿ. ಬೆಂಗಳೂರಲ್ಲಿ ನುಡಿಸುವವರಿಗೆ ಕೊರತೆ ಇಲ್ಲ. ಸೇರುವ ಜಾಗ ಇಲ್ಲ. ಇರೋದು ಎರಡೇ. ಒಂದು, ದೊಡ್ಡ ಸಭಾ. ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಕಚೇರಿ ನಡೆಸ್ತಾ ಬಂದಿದೆ, ಚಾಮರಾಜಪೇಟೆಯಲ್ಲಿ, ದೊಡ್ಡ ಚಪ್ಪರ ಹಾಕಿ. ಅದ್ಭುತ. ಆದರೆ ಅಲ್ಲಿ ಯಾರೂ ಪ್ರಯೋಗ ಮಾಡಿ ಸೋಲೋಕೆ ಆಗಲ್ಲ. ಇನ್ನೊಂದು ಪಬ್ಬು. ಅಲ್ಲಿ ಬಿಯರ್ ಖರ್ಚಾಗಬೇಕು, ಹಳೆ ಹಿಟ್ ಹಾಡು ನುಡಿಸು ಅಂತಾರೆ. ನಡುವೆ ಇರಬೇಕಾದ ಆ ಮೂವತ್ತು ಕುರ್ಚಿಯ ಕೋಣೆ ಇಲ್ಲ. ಕೆಟ್ಟದಾಗಿ ನುಡಿಸಿ ಮುಂದಿನ ವಾರ ಮತ್ತೆ ಬರಬಹುದಾದ ಕೋಣೆ.

ಮೃದಂಗ ಮೇಷ್ಟ್ರು:

ಆ ಕೋಣೆ ನಮಗೂ ಇತ್ತು. ಗುರುಗಳ ಮನೆ ಹಜಾರ. ಸಂಜೆ ಯಾರೋ ಪಿಟೀಲಿನವರು ಬರೋರು, ಯಾರೋ ಹಾಡೋರು, ಕಾಫಿ ಕುಡಿದು ಕೂತರೆ ರಾತ್ರಿ ಆಗೋದು. ಜನ ಇರಲಿಲ್ಲ. ಕಚೇರಿಯಲ್ಲಿ ಮಾಡದ ಸಾಹಸ ಎಲ್ಲ ಅಲ್ಲೇ ಮಾಡ್ತಿದ್ದೆವು. ಈಗ ಹಜಾರಗಳೂ ಅಪಾರ್ಟ್‌ಮೆಂಟ್ ಆದವು. ಈ ಮಾತು ನಿಜ ಅನ್ನಿಸ್ತು.

ಆಮೇಲೆ ಒಂದು ವಿಷಯ. ಸ್ಟೀವನ್ಸ್ ಅವರ ಅಭ್ಯಾಸ ಪಾಠಗಳು ಏನಾದರೂ ಇದ್ದರೆ ಹೇಳಿ. ಹುಡುಗರ ಹತ್ತಿರ ಮಾಡಿಸಿ ನೋಡೋಣ ಅಂತ.

ಶ್ರುತಿಪೆಟ್ಟಿಗೆ:

ಖಂಡಿತ ಮೇಷ್ಟ್ರೇ, ಎರಡು ಹೇಳ್ತೀನಿ. ಸ್ಟೀವನ್ಸ್ ಇವನ್ನು ಸಂಗೀತ ಬಂದವರಿಗೂ ಬಾರದವರಿಗೂ ಮಾಡಿಸುತ್ತಿದ್ದರು.

ಒಂದು ಕ್ಲಿಕ್. ಪ್ರತಿಯೊಬ್ಬರೂ ತಮ್ಮ ವಾದ್ಯದಲ್ಲಿ ಬರುವ ಅತಿ ಚಿಕ್ಕ ಸದ್ದನ್ನು ಮಾತ್ರ ನುಡಿಸಬೇಕು. ಕಾರ್ವೈ (ಸದ್ದಿನ ಎಳೆತ) ಇರಬಾರದು, ಟಕ್ ಅಂದರೆ ಮುಗೀಬೇಕು. ಲೆಕ್ಕ ಇಲ್ಲ, ತಾಳ ಇಲ್ಲ, ಅವರವರ ಹೊತ್ತಿಗೆ. ಮೊದಲು ಬರೀ ಕಾಳು ಚೆಲ್ಲಿದ ಸದ್ದು. ಹತ್ತು ನಿಮಿಷ ಬಿಡದೆ ಮಾಡಿದರೆ ಯಾರೂ ಹೇಳದೆ ಒಂದು ಹೆಣಿಗೆ ಹುಟ್ಟುತ್ತೆ. ಹುಟ್ಟಿದ್ದು ಗೊತ್ತಾದ ತಕ್ಷಣ ಯಾರಾದರೂ ಅದಕ್ಕೆ ತಾಳ ಹಾಕೋಕೆ ಹೋಗ್ತಾರೆ, ಅಲ್ಲಿಗೆ ಕೆಡುತ್ತೆ. ನಿಮ್ಮ ಶಿಷ್ಯರು ಹಾಕೇ ಹಾಕ್ತಾರೆ!

ಇನ್ನೊಂದು ಉದ್ದದ್ದು. ಒಂದು ಉಸಿರು ಎಷ್ಟು ಬರುತ್ತೋ ಅಷ್ಟುದ್ದ ಒಂದೇ ಸ್ವರ ಹಿಡಿಯೋದು. ಉಸಿರು ತಗೊಂಡು ಮತ್ತೆ ಹಿಡಿಯೋದು. ಮೃದಂಗದವರು ಬಾಯಲ್ಲಿ ಹಾಡಲಿ.

ಮೃದಂಗ ಮೇಷ್ಟ್ರು:

ಕ್ಲಿಕ್ ಮಾಡಿಸಿದೆ. ಎಲ್ಲ ಐದು ನಿಮಿಷದಲ್ಲಿ ಆದಿತಾಳಕ್ಕೆ ಬಂದು ಕೂತರು. ಬಿಡಿ ಅಂದರೂ ಬಿಡಲು ಆಗಲಿಲ್ಲ ಅವರಿಗೆ. ಒಬ್ಬಳು ಹುಡುಗಿ ಮಾತ್ರ ಬೇಕಂತಲೇ ಪಕ್ಕಕ್ಕೆ ಸರಿದು ಸರಿದು ನುಡಿಸಿದಳು. ಕಷ್ಟ ಇದೆ ಇದು. ಸುಲಭ ಅಂದುಕೊಂಡಿದ್ದೆ.

ಬಸವನಗುಡಿ ಬಾಯ್:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಕೇಳೋದರ ಜೊತೆ ಒಮ್ಮೆ ನುಡಿಸೋಕೂ ಆಸೆ ಆಗ್ತಿದೆ. ಹೊಸಬರು ಹೋಗಬಹುದಾದ ಜಾಗ ಇದೆಯಾ ಶ್ರುತಿಪೆಟ್ಟಿಗೆ ಅವರೇ?

ಶ್ರುತಿಪೆಟ್ಟಿಗೆ:

ಎಡ್ಡಿ ಪ್ರೆವೊ 1999ರ ನವೆಂಬರಿನಲ್ಲಿ ಒಂದು ವಾರದ ಕಾರ್ಯಾಗಾರ ಶುರು ಮಾಡಿದರು. ಅಂದರೆ ಪ್ರತಿ ವಾರ, ಶುಕ್ರವಾರ ಸಂಜೆ. ಯಾರು ಬೇಕಾದರೂ ಹೋಗಬಹುದು. ಆಡಿಷನ್ ಇಲ್ಲ. ಪಾಠ ಅಂತಲೂ ಏನಿಲ್ಲ. ಸುತ್ತ ಕೂರುತ್ತೀರಿ, ನುಡಿಸುತ್ತೀರಿ, ಕೇಳುತ್ತೀರಿ. ಈಗ ಲಂಡನ್ನಿನಲ್ಲಿ ಹೆಸರು ಮಾಡಿರುವ ಎಷ್ಟೋ ಜನ ಅಲ್ಲಿಂದ ಬಂದವರು. ಸ್ಥಳ, ಸಮಯ ಹೋಗುವ ಮೊದಲು ಒಮ್ಮೆ ನೋಡಿಕೊಳ್ಳಿ, ಜಾಗ ಬದಲಾಗುತ್ತಿರುತ್ತೆ.

ಬಸವನಗುಡಿ ಬಾಯ್:

ಮೃದಂಗ ತಗೊಂಡು ಹೋಗಬಹುದಾ? ಇಲ್ಲೊಬ್ಬರ ಹತ್ತಿರ ಒಂದು ಇದೆ, ಕೊಡ್ತೀನಿ ಅಂದಿದ್ದಾರೆ.

ಮೃದಂಗ ಮೇಷ್ಟ್ರು:

ಹೋಗಪ್ಪ, ಧಾರಾಳವಾಗಿ ಹೋಗು. ಹೀಟರ್ ಪಕ್ಕ ಮಾತ್ರ ಇಡಬೇಡ, ಚರ್ಮ ಬಿಗಿದು ಶ್ರುತಿ ಏರುತ್ತೆ. ಎಡಗಡೆಗೆ ಹಾಕೋಕೆ ರವೆ ಡಬ್ಬಿ ಒಯ್ಯೋದು ಮರೀಬೇಡ. ಅಲ್ಲಿ ಯಾರ ಹತ್ತಿರನೂ ಸಿಗಲ್ಲ.